‘ಕಾಯಿಸಿ ಆರಿಸಿ ಕುಡಿಯಿರಿ’: ಯಾವ ಪ್ರಶ್ನೆಗೆ ಉತ್ತರ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಬೋಧನಾಭ್ಯಾಸದ ಪಾಠಗಳನ್ನು ಅವಲೋಕಿಸುವಾಗ, ಕುಡಿಯುವ ನೀರಿನ ಬಗ್ಗೆ ಏನು ಕೇಳಿದರೂ ಮಕ್ಕಳಿಂದ ಒಂದೇ ಉತ್ತರ ಬರುವುದನ್ನು ಕಂಡಿದ್ದೇನೆ: ‘ಕಾಯಿಸಿ ಆರಿಸಿ ಕುಡಿಬೇಕ್ರಿ ಸರ್.’ ಉತ್ತರ ತಪ್ಪಲ್ಲ. ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳು ನೀರು ಕುದಿಸಿದರೆ ಸಾಯುತ್ತವೆ. ಆದರೆ ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ತೊಂದರೆ ಫ್ಲೋರೈಡ್. ಅದು ರೋಗಾಣುವಲ್ಲ, ಕಲ್ಲಿನಿಂದ ನೀರಿಗೆ ಕರಗಿ ಬಂದದ್ದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯದು, ಕಾಯಿಸಿದರೆ ಹೋಗದು.

ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಮಾಹಿತಿ ಸಾಕ್ಷರತೆ ಎಂದರೆ ವಾಟ್ಸಾಪ್‌ನ ಸುಳ್ಳು ಸುದ್ದಿ ಹಿಡಿಯುವುದು ಎಂದಷ್ಟೇ ಇರುತ್ತದೆ. ನಿಜವಾದ ಮಾತನ್ನೇ ಸಲ್ಲದ ಕಡೆ ಬಳಸಿದ್ದನ್ನು ಗುರುತಿಸುವುದು ಅದಕ್ಕಿಂತ ಕಷ್ಟ. ಆರೋಗ್ಯದ ಪಾಠದಲ್ಲಿ ಮೊದಲು ಕಲಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಸಾಕು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದಿದು 8 ಲೀಟರ್ ಆದರೆ, ಒಟ್ಟು 20 ಮಿಲಿಗ್ರಾಂ ಅಲ್ಲೇ ಉಳಿದು ಲೀಟರಿಗೆ 2.5 ಆಗುತ್ತದೆ. ಭಾರತೀಯ ಮಾನಕ ಬ್ಯೂರೋದ ಮಿತಿ 1. ಬೇರೆ ನೀರೇ ಸಿಗದಿದ್ದರೆ 1.5. ಹಾಗೆಂದು ಕಾಯಿಸುವುದನ್ನೇ ಬಿಡಬೇಕೆಂದು ಮಕ್ಕಳು ತಿಳಿಯಬಾರದು. ಇಲ್ಲಿ ಅವಸರ ಮಾಡಬೇಡಿ.

ಮುಂದೆ ನೀರಿನ ಪರೀಕ್ಷಾ ವರದಿ. ಗ್ರಾಮ ಪಂಚಾಯ್ತಿಯಿಂದ ಪ್ರತಿ ತಂದು ಗುಂಪಿಗೊಂದು ಕೊಡಬಹುದು. ಯಾರು ಪರೀಕ್ಷಿಸಿದರು, ಯಾವ ತಾರೀಖು, ಯಾವ ಮೂಲದ ನೀರು, ಅಳತೆ ಯಾವುದರಲ್ಲಿ ಎಂದು ಮಕ್ಕಳೇ ಹುಡುಕಲಿ. ಒಂದು ಶಾಲೆಯಲ್ಲಿ ವರದಿ ಮಿತಿಯೊಳಗೇ ಇತ್ತು. ಎಲ್ಲರೂ ಸಮಾಧಾನಪಟ್ಟಾಗ ಒಬ್ಬ ಹುಡುಗಿ, ‘ಇದು ಟಾಕಿ ನೀರಿಂದ್ರಿ ಸರ್, ನಮ್ಮ ಓಣ್ಯಾಗ ಬೋರಿನ ನೀರು ಕುಡಿತೀವ್ರಿ’ ಎಂದಳು. ಆ ದಿನದ ಮೌಲ್ಯಮಾಪನಕ್ಕೆ ಬೇರೆ ಪ್ರಶ್ನೆ ಬೇಕಿರಲಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡನ್ನು ತಗ್ಗಿಸುತ್ತದೆ, ಆದರೆ ಅದರ ನೀರಿಗೂ ಇದೇ ಪ್ರಶ್ನೆಗಳನ್ನು ಕೇಳಬೇಕು.

ಒಂದು ಎಚ್ಚರಿಕೆ. ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಕಲೆ ಮೂಡುತ್ತವೆ. ಅಂಥ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಅವರನ್ನು ನಿದರ್ಶನವಾಗಿ ಎಬ್ಬಿಸಿ ನಿಲ್ಲಿಸಬೇಡಿ. ‘ಹಲ್ಲು ತಿಕ್ಕೋದಿಲ್ಲೇನು?’ ಎಂದು ಅವರು ಸಾಕಷ್ಟು ಕೇಳಿಸಿಕೊಂಡಿರುತ್ತಾರೆ. ತಿಕ್ಕುವುದು ಹುಳುಕು ತಡೆಯಲು ಬೇಕು, ಈ ಕಲೆ ಅದರಿಂದ ಹೋಗದು. ಎಲ್ಲ ಕಲೆಯೂ ಫ್ಲೋರೈಡಿನದಲ್ಲ, ಅದನ್ನು ದಂತವೈದ್ಯರು ಹೇಳಲಿ.

ಎಂಟನೆಯ ತರಗತಿಯವರ ಹಲ್ಲು ಬಹುಮಟ್ಟಿಗೆ ರೂಪುಗೊಂಡಾಗಿದೆ. ಅವರ ಮನೆಯ ತಮ್ಮ ತಂಗಿಯರದು ಇನ್ನೂ ಆಗಬೇಕು. ಅದಕ್ಕೇ ಮನೆಗೆಲಸ: ನಮ್ಮ ಮನೆಯ ಕುಡಿಯುವ ನೀರು ಎಲ್ಲಿಯದು, ಕೊನೆಯ ಸಲ ಪರೀಕ್ಷೆಯಾದದ್ದು ಯಾವಾಗ? ಹಿರಿಯರನ್ನು ಕೇಳಿ ಬರೆದು ತರುವುದು.