ಟೈರಿನ ಪಕ್ಕೆ ಏಕೆ ಕಂದಾಗುತ್ತದೆ?

ಪ್ರಶ್ನೆ: ಕೊಂಡಾಗ ಅಚ್ಚ ಕಪ್ಪಗಿದ್ದ ನಮ್ಮ ಕಾರಿನ ಟೈರುಗಳ ಸೈಡ್‌ವಾಲ್ ಈಗ ಕಂದು ಬಣ್ಣಕ್ಕೆ ತಿರುಗಿದೆ. ವಾಟರ್ ಸರ್ವಿಸ್ ಮಾಡಿಸಿದರೆ ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಬಣ್ಣ. ಇದು ಕೊಳೆಯೇ, ಅಥವಾ ಟೈರು ಹಾಳಾಗುತ್ತಿದೆಯೇ?

ಉತ್ತರ: ಎರಡೂ ಅಲ್ಲ, ಗಾಬರಿ ಬೇಡ. ರಸ್ತೆಯ ಕೆಮ್ಮಣ್ಣು, ಬ್ರೇಕಿನ ಪುಡಿ ಅಂಟಿದ್ದರೆ ನೀರಿಗೆ ಹೋಗುತ್ತಿತ್ತು. ತೊಳೆದ ಮೇಲೂ ಮರಳಿ ಬರುವ ಕಂದು ರಬ್ಬರಿನ ಒಳಗಿನಿಂದ ಬಂದದ್ದು. ಟೈರು ತಯಾರಿಸುವವರು ಬೇಕೆಂದೇ ಬೆರೆಸಿದ ರಕ್ಷಕ ರಾಸಾಯನಿಕವೊಂದು ತನ್ನ ಕೆಲಸ ಮಾಡಿ ಉಳಿಸಿಹೋದ ಗುರುತು ಅದು.

ರಬ್ಬರಿನ ವೈರಿ ಓಝೋನ್. ಬಿಸಿಲಿನಲ್ಲಿ ವಾಹನಗಳ ಹೊಗೆಯಿಂದ ನೆಲಮಟ್ಟದಲ್ಲೇ ಹುಟ್ಟುವ ಈ ಅನಿಲ ಗಾಳಿಯ ನೂರು ಕೋಟಿ ಅಣುಗಳಲ್ಲಿ ಕೆಲವು ಹತ್ತುಗಳಷ್ಟೇ ಇರುತ್ತದೆ. ಆದರೆ ಅಷ್ಟೇ ಸಾಕು. ಟೈರಿನ ರಬ್ಬರು ಇಂಗಾಲದ ಉದ್ದುದ್ದ ಸರಪಳಿಗಳಿಂದ ಆಗಿದೆ. ಗಂಧಕ ಬೆರೆಸಿ ಬೇಯಿಸಿದ ಮೇಲೂ ಆ ಸರಪಳಿಗಳಲ್ಲಿ ಸಾಕಷ್ಟು ದ್ವಿಬಂಧಗಳು ಉಳಿದಿರುತ್ತವೆ. ಓಝೋನ್ ನೇರವಾಗಿ ಅವುಗಳ ಮೇಲೆ ಬಿದ್ದು ಸರಪಳಿಯನ್ನೇ ಕತ್ತರಿಸುತ್ತದೆ. ರಬ್ಬರು ಎಳೆತದಲ್ಲಿದ್ದರೆ, ಆ ಎಳೆತಕ್ಕೆ ಅಡ್ಡಲಾಗಿ ಬಿರುಕು ಬಾಯಿಬಿಡುತ್ತದೆ. ನೆಲಕ್ಕೆ ತಾಗುವ ಮುಖ ಸವೆಯುತ್ತ ಹೊಸ ರಬ್ಬರನ್ನು ಹೊರಗೆ ತರುತ್ತದೆ. ಸೈಡ್‌ವಾಲಿಗೆ ಆ ಅನುಕೂಲವಿಲ್ಲ. ಚಕ್ರದ ಪ್ರತಿ ಸುತ್ತಿಗೂ ಬಾಗುತ್ತ, ಬಿಸಿಲು ಗಾಳಿಗೆ ಒಡ್ಡಿಕೊಂಡು, ಅದೇ ಮೇಲ್ಮೈ ವರ್ಷಗಟ್ಟಲೆ ಬಾಳಬೇಕು.

ಅದಕ್ಕಾಗಿ ರಬ್ಬರಿಗೆ ಎರಡು ರಕ್ಷಣೆ ಸೇರಿಸುತ್ತಾರೆ. ಒಂದು, ಮೇಣ. ಅದು ಮೇಲಕ್ಕೆ ಜಿನುಗಿ ತೆಳ್ಳನೆಯ ಪೊರೆ ಕಟ್ಟುತ್ತದೆ. ನಿಂತ ಕಾರಿಗೆ ಅದು ಒಳ್ಳೆಯ ಹೊದಿಕೆ, ಓಡುವ ಕಾರಿನಲ್ಲಿ ಮಾತ್ರ ಪೊರೆ ಒಡೆಯುತ್ತದೆ. ಇನ್ನೊಂದು 6-ಪಿಪಿಡಿ ಎಂಬ ರಾಸಾಯನಿಕ, ಟೈರಿನ ತೂಕದಲ್ಲಿ ಸುಮಾರು ನೂರಕ್ಕೆ ಒಂದು ಪಾಲು. ಇದು ಒಳಗಿನಿಂದ ಮೆಲ್ಲಗೆ ಮೇಲ್ಮೈಗೆ ಬರುತ್ತಲೇ ಇರುತ್ತದೆ, ಸೆಕೆಗಾಲದಲ್ಲಿ ಇನ್ನೂ ಬೇಗ. ಓಝೋನ್ ರಬ್ಬರನ್ನು ಮುಟ್ಟುವ ಮೊದಲೇ ಅದರೊಂದಿಗೆ ವರ್ತಿಸಿ ತಾನು ಖರ್ಚಾಗುತ್ತದೆ, ಹಾಗೆ ಖರ್ಚಾಗುವಾಗ ಕಂದಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದರ ಹಿಂದೆಯೂ ಇದಕ್ಕೆ ಹತ್ತಿರದ ರಸಾಯನವೇ ಇದೆ. ನೀವು ಒಂದು ಪದರ ಉಜ್ಜಿ ತೆಗೆದರೆ ಒಳಗಿನಿಂದ ಇನ್ನೊಂದು ಬರುತ್ತದೆ, ಅದೂ ಕಂದಾಗುತ್ತದೆ.

ಓಝೋನಿಗೆ ಜಗ್ಗದ ರಬ್ಬರೂ ಇದೆ. ಕಾರಿನ ಬಾಗಿಲಂಚಿನ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನದು. ಅದರ ಮುಖ್ಯ ಸರಪಳಿಯಲ್ಲಿ ದ್ವಿಬಂಧವೇ ಇಲ್ಲ. ಹಳೆಯ ಕಾರುಗಳ ಟೈರಿನ ಬಿಳಿ ಪಟ್ಟಿಗೂ ಇಂಥ ರಬ್ಬರನ್ನು ಬೆರೆಸುತ್ತಿದ್ದರು, ಏಕೆಂದರೆ 6-ಪಿಪಿಡಿ ಹಾಕಿದರೆ ಬಿಳಿ ಉಳಿಯುವುದಿಲ್ಲ. ಆದರೆ ಇಪಿಡಿಎಂ ಟೈರಿನ ಉಳಿದ ರಬ್ಬರುಗಳೊಂದಿಗೆ ಚೆನ್ನಾಗಿ ಬೆಸೆದುಕೊಳ್ಳುವುದಿಲ್ಲ. ಹಾಗಾಗಿ ಇಡೀ ಟೈರನ್ನು ಅದರಿಂದ ಮಾಡುವುದು ಸುಲಭವಲ್ಲ.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಸೌಮ್ಯ ಸೋಪಿನ ನೀರು, ಮೃದುವಾದ ಬ್ರಶ್ ಸಾಕು. ಪೆಟ್ರೋಲ್, ಸೀಮೆಎಣ್ಣೆ ಹಚ್ಚಿ ಉಜ್ಜಬೇಡಿ. ಎಣ್ಣೆಯ ಅಂಶದ ಪಾಲಿಶ್‌ಗಳೂ ಬೇಡ, ಅವು ಮೇಣವನ್ನೂ ರಕ್ಷಕವನ್ನೂ ಕರಗಿಸಿ ಒಯ್ಯಬಲ್ಲವು. ಹೊಳಪು ಬೇಕೇಬೇಕೆಂದರೆ ನೀರಿನಲ್ಲಿ ಕಲಸಿದ ಪಾಲಿಶ್ ಆರಿಸಿ. ಬಿಚ್ಚಿಟ್ಟ ಟೈರನ್ನು ಪಂಪ್‌ಸೆಟ್ ಮೋಟಾರಿನ ಪಕ್ಕ ಇಡಬೇಡಿ, ಮೋಟಾರಿನ ಕಿಡಿಯಿಂದಲೂ ಓಝೋನ್ ಹುಟ್ಟುತ್ತದೆ. ನೋಡಬೇಕಾದದ್ದು ಬಣ್ಣವನ್ನಲ್ಲ, ಬಿರುಕನ್ನು. ಸೈಡ್‌ವಾಲಿನಲ್ಲಿ ಬಿರುಕೋ ಉಬ್ಬೋ ಕಂಡರೆ ಟೈರಿನವರಿಗೆ ತೋರಿಸಿ. ಅಲ್ಲೇ ಅಚ್ಚೊತ್ತಿರುವ ನಾಲ್ಕಂಕಿಯ ಸಂಖ್ಯೆ ಟೈರಿನ ವಯಸ್ಸು ಹೇಳುತ್ತದೆ: 2321 ಎಂದಿದ್ದರೆ 2021ರ 23ನೆಯ ವಾರ ತಯಾರಾದದ್ದು.

ಈ ರಕ್ಷಕದ ಬಗ್ಗೆ ಇನ್ನೊಂದು ವಿಷಯ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಸುತ್ತಿನ ತೊರೆಗಳಲ್ಲಿ, ಮಳೆ ಬಂದು ರಸ್ತೆಯ ನೀರು ಹರಿದೊಡನೆ, ಮೊಟ್ಟೆಯಿಡಲು ಸಮುದ್ರದಿಂದ ಮರಳಿದ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮುನ್ನವೇ ಸಾಯುತ್ತಿದ್ದವು. ವರ್ಷಗಟ್ಟಲೆ ಕಾರಣ ಹುಡುಕಿದ ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಅದನ್ನು ಪ್ರಕಟಿಸಿದರು: 6-ಪಿಪಿಡಿಯು ಓಝೋನಿನೊಂದಿಗೆ ವರ್ತಿಸಿದಾಗ ಹುಟ್ಟುವ 6-ಪಿಪಿಡಿ ಕ್ವಿನೋನ್. ಸವೆದ ಟೈರಿನ ಪುಡಿಯೊಂದಿಗೆ ಅದು ತೊರೆ ಸೇರುತ್ತಿತ್ತು. ಒಂದು ಲೀಟರ್ ನೀರಿನಲ್ಲಿ ಮೈಕ್ರೋಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟಿದ್ದರೂ ಕೋಹೋಗೆ ಮಾರಕ. ಅದರ ಹತ್ತಿರದ ಸಂಬಂಧಿ ಚಮ್ ಸಾಲ್ಮನ್ ಮಾತ್ರ ಅದೇ ನೀರಿನಲ್ಲಿ ಬದುಕುತ್ತದೆ.

ಕ್ಯಾಲಿಫೋರ್ನಿಯಾ 2023ರ ಅಕ್ಟೋಬರಿನಿಂದ ಟೈರು ತಯಾರಕರು ಬದಲಿ ವಸ್ತುವನ್ನು ಪರಿಶೀಲಿಸುವುದನ್ನು ಕಡ್ಡಾಯ ಮಾಡಿದೆ. ಇದು ಸರಿಯಾದ ಹೆಜ್ಜೆ, ಇಷ್ಟು ತಡವಾದದ್ದೇ ಬೇಸರ. ಹುಡುಕಾಟ ಸುಲಭದ್ದಲ್ಲ: ಹೊಸ ವಸ್ತು ರಬ್ಬರಿಗಿಂತ ಮೊದಲು ಓಝೋನಿಗೆ ಸಿಗಬೇಕು, ವರ್ಷಗಳ ಕಾಲ ಅಳತೆ ಮೀರದೆ ಜಿನುಗುತ್ತಿರಬೇಕು, ಟೈರಿನ ಗಟ್ಟಿತನ ಕೆಡಿಸಬಾರದು, ಹೊಳೆಗೆ ಇಳಿದಾಗ ಮೀನಿನ ಜೀವಕ್ಕೂ ಮುಳುವಾಗಬಾರದು.