ಹುಳಿ ಬಂದ ದೋಸೆಹಿಟ್ಟು: ಒಂದು ಪಾಠದ ಅನುಭವ

ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ಪಾಠಯೋಜನೆಯಲ್ಲಿ ‘ಯೀಸ್ಟ್‌ನಿಂದ ಹಿಟ್ಟು ಉಬ್ಬುತ್ತದೆ’ ಎಂದು ಬರೆದುಕೊಂಡು, ಬೋಧನೋಪಕರಣವೆಂದು ಮನೆಯಲ್ಲಿ ಉಳಿದು ಚೆನ್ನಾಗಿ ಹುಳಿ ಬಂದಿದ್ದ ದೋಸೆಹಿಟ್ಟನ್ನು ದೊಡ್ಡ ಡಬ್ಬಿಯಲ್ಲಿ ಒಯ್ದಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಮಿಸ್, ನಮ್ಮಮ್ಮ ಯೀಸ್ಟ್ ಹಾಕೋದೇ ಇಲ್ವಲ್ಲ?” ನಾನು ತಡವರಿಸಿ, “ನಾಳೆ ಹೇಳ್ತೀನಿ” ಎಂದೆ. ಮೂಲೆಯಲ್ಲಿ ಕೂತಿದ್ದ ಮಾರ್ಗದರ್ಶಕರು ಏನೋ ಬರೆದುಕೊಂಡರು.

ಮರುದಿನ ತಪ್ಪು ಒಪ್ಪಿಕೊಂಡೇ ಪಾಠ ಆರಂಭಿಸಿದೆ. ಬ್ರೆಡ್ಡಿಗೆ ಯೀಸ್ಟ್ ಸರಿ. ದೋಸೆಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಉದ್ದು, ಅಕ್ಕಿಯ ಜೊತೆಗೇ ಬರುವ ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾ. ಅವು ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ, ಲ್ಯಾಕ್ಟಿಕ್ ಆಮ್ಲವನ್ನೂ. ಹಿಟ್ಟಿಗೆ ಅದ್ದಿದ ನೀಲಿ ಲಿಟ್ಮಸ್ ಕೆಂಪಾಯಿತು. ಆ ಹುಡುಗಿಯಿಂದಲೇ ಚಿಟಿಕೆ ಅಡುಗೆಸೋಡಾ ಹಾಕಿಸಿದೆ. ಹಿಟ್ಟು ನೊರೆನೊರೆಯಾಗಿ ಮೇಲೆದ್ದಿತು.

ಬಿಸಿಯೂಟದ ಅಡುಗೆಮನೆಯಲ್ಲಿ ತಂಡತಂಡವಾಗಿ ಪಡ್ಡು ಹಾಕಿದೆವು. ಅರ್ಧ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಇನ್ನರ್ಧಕ್ಕೆ ಬೆಲ್ಲ. ಬೆಲ್ಲದ್ದು ಬೇಗ ಸೀಯುತ್ತದೆ, ಉರಿ ಸಣ್ಣಗಿರಬೇಕು. ಇದನ್ನು ಅಡುಗೆಯವರು ಕಲಿಸಿದರು, ನನ್ನ ಯೋಜನೆಯಲ್ಲಿರಲಿಲ್ಲ. ಒಂದು ತಂಡ ಸೋಡಾ ಸುರಿದುಬಿಟ್ಟಿತ್ತು. ಅವರ ಪಡ್ಡು ಸಾಬೂನಿನ ರುಚಿ. ಉಳಿದಿದ್ದ ಅವರ ಹಿಟ್ಟಿಗೆ ಕೆಂಪು ಲಿಟ್ಮಸ್ ಅದ್ದಿದರೆ ನೀಲಿ! ‘ತಟಸ್ಥೀಕರಣ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದದ್ದು ಆಮೇಲೆ.