ಎರಡು ಓವರಿನ ಪಾಠ



ಕಳೆದ ತಿಂಗಳ ಪಿಕ್ನಿಕ್‌ನಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ನನ್ನನ್ನು ಹಿಡಿದು ಕೇಳಿದ: "ಅಂಕಲ್, ಪಾಯಿಂಟ್ಸ್ ಟೇಬಲ್‌ನ ಕೊನೆಯಲ್ಲಿ ಪ್ಲಸ್ಸು, ಮೈನಸ್ಸು ಹಾಕಿ ಒಂದು ನಂಬರ್ ಇರುತ್ತಲ್ಲ, ಅದನ್ನ ಹೇಗೆ ಲೆಕ್ಕ ಹಾಕ್ತಾರೆ?" ಕೈಯಲ್ಲಿ ಊಟದ ತಟ್ಟೆ ಇತ್ತು. "ಆಮೇಲೆ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಆ ನಂಬರನ್ನು ತಪ್ಪಾಗಿ ಲೆಕ್ಕ ಹಾಕಿ ಒಂದು ಇಡೀ ತಂಡದ ಸೀಸನ್ ಹಾಳು ಮಾಡಿದವನು ನಾನೇ! ಅವನಿಗೆ ಕೊಟ್ಟ ಮಾತನ್ನು ಇಲ್ಲಿ ಉಳಿಸಿಕೊಳ್ಳುತ್ತಿದ್ದೇನೆ. ಮಕ್ಕಳೇ, ಒಂದು ಪೇಪರ್, ಪೆನ್ನು ತೆಗೆದುಕೊಂಡು ಬನ್ನಿ.

ಮಸ್ಕತ್‌ನಲ್ಲಿರುವ ನಮಗೆಲ್ಲ ಗೊತ್ತಿರುವಂತೆ ಇಲ್ಲಿಯ ಕ್ರಿಕೆಟ್ ಸೀಸನ್ ಚಳಿಗಾಲದ್ದು. ಬಹಳಷ್ಟು ತಂಡಗಳು ಕಂಪನಿಗಳ ತಂಡಗಳೇ. ವಾರವಿಡೀ ಆಫೀಸು, ಗೋದಾಮು, ಸೈಟು. ಶುಕ್ರವಾರ, ಶನಿವಾರ ಆಟ. ಕೆಳಗಿನ ಡಿವಿಷನ್‌ಗಳಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಜಲ್ಲಿ ಮಣ್ಣಿನ ಮೈದಾನ, ಮಧ್ಯದಲ್ಲಿ ಸಿಮೆಂಟ್ ಪಿಚ್, ಅದರ ಮೇಲೆ ಮ್ಯಾಟ್. ಡೈವ್ ಹೊಡೆದರೆ ಮೊಣಕೈ ಸಿಪ್ಪೆ ಏಳುತ್ತದೆ. ಅಂಥ ಒಂದು ತಂಡಕ್ಕೆ ನಾನು ಸ್ಕೋರರ್. "ನೀನು ಸಾಫ್ಟ್‌ವೇರ್‌ನವನು, ಲೆಕ್ಕ ಗೊತ್ತಿರುತ್ತೆ" ಎಂದು ಕೊಟ್ಟ ಕೆಲಸ.

ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಐಪಿಎಲ್. ಆದರೆ ಇಂಗ್ಲೆಂಡಿನ ಫುಟ್‌ಬಾಲ್, ಫ್ರಾನ್ಸಿನ ರಗ್ಬಿ ಮುಂತಾದ ಲೀಗ್‌ಗಳು ಏಣಿಯ ಹಾಗೆ. ಮೇಲಿನ ಸ್ಥಾನದವರು ಒಂದು ಮೆಟ್ಟಿಲು ಹತ್ತುತ್ತಾರೆ, ಕೆಳಗಿನವರು ಒಂದು ಮೆಟ್ಟಿಲು ಇಳಿಯುತ್ತಾರೆ. ನಮ್ಮದೂ ಅಂಥದೇ. ಒಂದು ಗುಂಪಿನಲ್ಲಿ ತಲಾ 7 ಪಂದ್ಯ, ಪಂದ್ಯಕ್ಕೆ 20 ಓವರು. ಆ ವರ್ಷ ಕೊನೆಯ ಪಂದ್ಯಕ್ಕೆ ಬರುವಾಗ ಮೇಲೆ ಹತ್ತಲು ಒಂದೇ ಜಾಗ ಉಳಿದಿತ್ತು. ಇನ್ನೊಂದು ತಂಡ ತನ್ನ ಪಂದ್ಯಗಳನ್ನೆಲ್ಲ ಮುಗಿಸಿ ಕೂತಿತ್ತು. ನಾವು ಗೆದ್ದರೆ ಪಾಯಿಂಟು ಸಮ. ಆಗ ನೋಡುವುದು ನೆಟ್ ರನ್ ರೇಟ್. ಅವರದು +0.250.

ಸೂತ್ರ ಸುಲಭ. ಸೀಸನ್ನಿನಲ್ಲಿ ನಾವು ಹೊಡೆದ ಒಟ್ಟು ರನ್ನನ್ನು ನಾವು ಆಡಿದ ಒಟ್ಟು ಓವರಿನಿಂದ ಭಾಗಿಸಿ. ನಾವು ಕೊಟ್ಟ ಒಟ್ಟು ರನ್ನನ್ನು ನಾವು ಎಸೆದ ಒಟ್ಟು ಓವರಿನಿಂದ ಭಾಗಿಸಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಅಷ್ಟೇ!

ಆದರೆ ಇದರಲ್ಲಿ ಎರಡು ಗುಂಡಿಗಳಿವೆ. ಒಂದು, 18.3 ಓವರು ಎಂದರೆ ಹದಿನೆಂಟು ಓವರು ಮೂರು ಬಾಲ್, ಅಂದರೆ ಹದಿನೆಂಟೂವರೆ. ಕ್ಯಾಲ್ಕುಲೇಟರಿಗೆ 18.5 ಎಂದು ಕೊಡಬೇಕು. ಈ ಗುಂಡಿಗೆ ನಾನು ಬೀಳಲಿಲ್ಲ. ಎರಡನೆಯದು, ತಂಡ ಆಲ್‌ಔಟ್ ಆದರೆ ಎಷ್ಟು ಓವರು ಆಡಿದರೂ ಪೂರಾ 20 ಓವರು ಆಡಿದಂತೆಯೇ ಲೆಕ್ಕ. ಇಲ್ಲದಿದ್ದರೆ ಬೀಸಿ ಬೀಸಿ ಬೇಗ ಔಟಾದ ತಂಡಕ್ಕೆ ಲಾಭವಾಗಿಬಿಡುತ್ತದೆ. ಬಿದ್ದಿದ್ದು ಈ ಗುಂಡಿಗೆ.

ಮೂರನೇ ಪಂದ್ಯದಲ್ಲಿ ನಾವು 16 ಓವರಿಗೇ ಆಲ್‌ಔಟ್ ಆಗಿದ್ದೆವು. ನಾನು ಎಕ್ಸೆಲ್ ಶೀಟಿನಲ್ಲಿ 20 ಬರೆಯುವ ಬದಲು 16 ಬರೆದಿದ್ದೆ. ಪರಿಣಾಮ ನೋಡಿ. ಆರು ಪಂದ್ಯಗಳಲ್ಲಿ ನಾವು ಹೊಡೆದದ್ದು 810 ರನ್. ನನ್ನ ಶೀಟಿನ ಪ್ರಕಾರ 110 ಓವರು, ನಿಜವಾಗಿ 114. ನಾವು ಕೊಟ್ಟದ್ದು 114 ಓವರಿಗೆ 798, ಅಂದರೆ ಸರಿಯಾಗಿ 7. ನನ್ನ ಲೆಕ್ಕದಲ್ಲಿ ನಮ್ಮ ರೇಟು +0.364. ನಿಜವಾದದ್ದು +0.105!

ಕೊನೆಯ ಪಂದ್ಯದಲ್ಲಿ ಎದುರಾಳಿ 20 ಓವರಿಗೆ 120. ನಾಯಕರು ಬಂದು ಕೇಳಿದರು, "ಎಷ್ಟು ಓವರಿಗೆ ಹೊಡೀಬೇಕು?" ನಾನು ಧೈರ್ಯವಾಗಿ ಹೇಳಿದೆ, "ಗೆದ್ದರೆ ಸಾಕು, ಅವಸರ ಬೇಡ." ಹುಡುಗರು ನನ್ನ ಮಾತು ನಂಬಿ ಒಂದೊಂದೇ ರನ್ ಕದ್ದು, ಇನ್ನೂ ಆರು ವಿಕೆಟ್ ಇರುವಾಗ ಸರಿಯಾಗಿ 19 ಓವರಿಗೆ 121 ಮುಟ್ಟಿದರು. ಕುಣಿದದ್ದೇ ಕುಣಿದದ್ದು!

ಸಂಜೆ ಲೀಗಿನವರ ಪಟ್ಟಿ ಬಂತು. ಈಗ ನೀವೇ ಲೆಕ್ಕ ಹಾಕಿ. ಹೊಡೆದದ್ದು 931, ಓವರು 133, ಭಾಗಿಸಿದರೆ 7. ಕೊಟ್ಟದ್ದು 918, ಓವರು 134, ಭಾಗಿಸಿದರೆ 6.851. ನಮ್ಮ ರೇಟು +0.149. ಅವರದು +0.250. ನಾವು ಅಲ್ಲೇ ಉಳಿದೆವು. ಅದೇ 121ನ್ನು 17 ಓವರಿಗೆ ಹೊಡೆದಿದ್ದರೆ 931 ಭಾಗಿಸು 131, ಅಂದರೆ 7.107. ರೇಟು +0.256 ಆಗಿ ಮೇಲೆ ಹತ್ತುತ್ತಿದ್ದೆವು. ಆರು ವಿಕೆಟ್ ಕೈಯಲ್ಲಿದ್ದವರಿಗೆ ಎರಡು ಓವರು ಉಳಿಸುವುದೇನು ಕಷ್ಟವಿರಲಿಲ್ಲ. ಹಾಗೆ ಆಡಬೇಕೆಂದು ಹೇಳುವವನು ಹೇಳಲಿಲ್ಲ, ಅಷ್ಟೇ.

ನಮ್ಮ ನಾಯಕರು ಮಂಗಳೂರು ಕಡೆಯವರು, ಸ್ಟೋರ್‌ಕೀಪರ್, ಒಮಾನಿಗೆ ಬಂದು 22 ವರ್ಷ. ಅದು ಅವರ ಕೊನೆಯ ಸೀಸನ್. ಜೂನ್‌ನಲ್ಲಿ ಊರಿಗೆ ವಾಪಸ್ಸು. ಒಂದು ಸಲ ಮೇಲಿನ ಡಿವಿಷನ್‌ಗೆ ತಂಡವನ್ನು ಏರಿಸಿ ಹೋಗಬೇಕು ಎಂಬುದೊಂದೇ ಅವರ ಆಸೆ. ರಾತ್ರಿಯಿಡೀ ನಿದ್ದೆ ಬಾರದೆ ಬೆಳಿಗ್ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಲೆಕ್ಕ ತಪ್ಪಿದ್ದು ನೀನು ಮಾರಾಯ, ಸರಿ. ಆದರೆ 16 ಓವರಿಗೆ ಔಟ್ ಆದದ್ದು ನಾವಲ್ವಾ? ಎಲ್ಲರಿಗೂ ನಿಜ ಹೇಳು. ಬರುವ ವರ್ಷ ಶೀಟನ್ನು ಇಬ್ಬರು ನೋಡಲಿ." ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಇಳಿಯುವುದು, ಹತ್ತುವುದು ಎಂದರೇನು ಎಂದು ತಿಳಿಯಲು ಒಮಾನ್ ರಾಷ್ಟ್ರೀಯ ತಂಡದ ಕಥೆಗಿಂತ ಒಳ್ಳೆಯ ಪಾಠವಿಲ್ಲ. 2007ರಿಂದ 2019ರವರೆಗೆ ಐಸಿಸಿ ಸಣ್ಣ ದೇಶಗಳಿಗಾಗಿ ವಿಶ್ವ ಕ್ರಿಕೆಟ್ ಲೀಗ್ ನಡೆಸಿತು, ಅದೂ ಏಣಿಯೇ. 2007ರಲ್ಲಿ ಎರಡನೇ ಡಿವಿಷನ್‌ನಲ್ಲಿ ರನ್ನರ್ಸ್ ಅಪ್ ಆಗಿದ್ದ ಒಮಾನ್, 2013ರಲ್ಲಿ ಬರ್ಮುಡಾದಲ್ಲಿ ಮೂರನೆಯದರಿಂದ ಇಳಿಯಿತು, 2014ರಲ್ಲಿ ಸಿಂಗಪುರದಲ್ಲಿ ನಾಲ್ಕನೆಯದರಿಂದಲೂ ಇಳಿಯಿತು. 2016ರ ಮಾರ್ಚ್ 9ರಂದು ಧರ್ಮಶಾಲಾದಲ್ಲಿ ವಿಶ್ವ ಟಿ20 ಪಂದ್ಯದಲ್ಲಿ ಇದೇ ತಂಡ ಐರ್ಲೆಂಡನ್ನು 2 ವಿಕೆಟ್‌ಗಳಿಂದ ಸೋಲಿಸಿತು. ಆ ಹೊತ್ತಿನಲ್ಲಿ ತಂಡದ ಸ್ಪಿನ್ ಬೌಲಿಂಗ್ ಕೋಚ್ ನಮ್ಮ ಗದಗಿನ ಸುನಿಲ್ ಜೋಶಿ! ಎರಡೇ ತಿಂಗಳ ಬಳಿಕ, ಮೇ ತಿಂಗಳಲ್ಲಿ, ಅದೇ ದೇಶ ಜೆರ್ಸಿ ದ್ವೀಪದಲ್ಲಿ ಐದನೇ ಡಿವಿಷನ್ ಆಡುತ್ತಿತ್ತು. "ನಾವು ಐರ್ಲೆಂಡನ್ನೇ ಸೋಲಿಸಿದವರು" ಎಂದರೆ ಏಣಿ ಕೇಳುವುದಿಲ್ಲ. 50 ಓವರಿನ ಮೆಟ್ಟಿಲನ್ನು 50 ಓವರಿನ ಆಟದಲ್ಲೇ ಹತ್ತಬೇಕು.

ಹತ್ತಿದರು. 2016ರಲ್ಲೇ ಜೆರ್ಸಿಯಲ್ಲಿ, ನಂತರ ಲಾಸ್ ಏಂಜಲೀಸ್‌ನಲ್ಲಿ, 2017ರಲ್ಲಿ ಉಗಾಂಡಾದಲ್ಲಿ ಬಡ್ತಿ. 2018ರ ಫೆಬ್ರವರಿಯಲ್ಲಿ ನಮೀಬಿಯಾದಲ್ಲಿ ಐದನೇ ಸ್ಥಾನ, ಮತ್ತೆ ಕೆಳಕ್ಕೆ. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಅಮರಾತ್ ಮೈದಾನದಲ್ಲಿ ಮೊದಲ ಸ್ಥಾನ, ಮತ್ತೆ ಮೇಲಕ್ಕೆ. 2019ರ ಏಪ್ರಿಲ್‌ನಲ್ಲಿ ಮತ್ತೆ ನಮೀಬಿಯಾಕ್ಕೆ ಹೋಗಿ ಏಕದಿನ ಮಾನ್ಯತೆ ಪಡೆದೇ ಬಂದರು. 2023ರ ಜೂನ್‌ನಲ್ಲಿ ಏಕದಿನ ಪಂದ್ಯದಲ್ಲೂ ಐರ್ಲೆಂಡನ್ನು ಸೋಲಿಸಿದರು. ಆ ವರ್ಷಗಳ ಆಟಗಾರರಲ್ಲಿ ಹಲವರು ಹಗಲು ನೌಕರಿ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುತ್ತಿದ್ದವರು, ನಮ್ಮ ಹಾಗೆಯೇ.

ಆಲ್‌ಔಟ್ ನಿಯಮ ನನಗೀಗ ಚೆನ್ನಾಗಿ ಅರ್ಥವಾಗಿದೆ. ಬೇಗ ಔಟಾದರೆ ಆಡದ ಓವರುಗಳೂ ನಮ್ಮ ಖಾತೆಗೇ ಬರುತ್ತವೆ. ಒಂದು ಕೆಟ್ಟ ದಿನವನ್ನು ಶೀಟಿನಲ್ಲಿ ಸಣ್ಣದು ಮಾಡಿ ಬರೆದುಕೊಂಡರೆ ಮುಂದೆ ಎಷ್ಟು ವೇಗವಾಗಿ ಓಡಬೇಕೆಂಬುದೇ ತಿಳಿಯದೆ ಹೋಗುತ್ತದೆ. ಒಮಾನ್ ಇಳಿದಾಗ ಇಳಿದೆವೆಂದು ಒಪ್ಪಿ ಐದನೇ ಡಿವಿಷನ್ ಆಡಿತು, ಆದ್ದರಿಂದಲೇ ಹತ್ತಿತು.

ಮಕ್ಕಳೇ, ಈಗ ನಿಮ್ಮ ಸರದಿ. 20 ಓವರಿನ ಪಂದ್ಯದಲ್ಲಿ ಒಂದು ತಂಡ 15 ಓವರಿಗೆ 90ಕ್ಕೆ ಆಲ್‌ಔಟ್. ಎದುರಾಳಿ 12.3 ಓವರಿಗೆ 91. ಸೋತವರ ನೆಟ್ ರನ್ ರೇಟ್ ಎಷ್ಟು? −2.78 ಬಂದರೆ ಶಭಾಷ್! −1.28 ಬಂದರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ; ಬೇಸರ ಬೇಡ, ಇನ್ನೊಮ್ಮೆ ಹಾಕಿ. ಅಪ್ಪ ಅಮ್ಮನಿಂದಲೂ ಒಮ್ಮೆ ಹಾಕಿಸಿ ನೋಡಿ, ಮಜಾ ಇರುತ್ತದೆ.

ನಾಯಕರು ಈಗ ಊರಿನಲ್ಲಿದ್ದಾರೆ. ಪ್ರತಿ ಶನಿವಾರ ರಾತ್ರಿ ಅವರಿಂದ ಒಂದೇ ಪ್ರಶ್ನೆ ಬರುತ್ತದೆ: "ಶೀಟ್ ಇಬ್ಬರು ನೋಡಿದ್ರಾ?" ನೋಡುತ್ತಿದ್ದೇವೆ.